ಕೂವೆ, ತವಕೀರ, ಅರಾರೂಟ್, ಕಾರ್ನ್‌ಫ್ಲೋರ್: ಮುಂಬಯಿಯಲ್ಲಿ ಯಾವ ಕೆಲಸಕ್ಕೆ ಯಾವುದು?

"ಅತ್ತಿಗೆ, ಪಾಪುವಿಗೆ ಏಳು ತಿಂಗಳಾಯ್ತಲ್ಲ, ಕೂವೆ ಮಣ್ಣಿ ಶುರು ಮಾಡು ಅಂತ ಅಮ್ಮ ಹೇಳ್ತಾ ಇದ್ದಾರೆ. ಇಲ್ಲಿ ಕೆಳಗಿನ ಅಂಗಡಿಯಲ್ಲಿ ಅರಾರೂಟ್ ಅಂತ ಪ್ಯಾಕೆಟ್ ಉಂಟು. ಅದೇ ಅಲ್ವಾ ಕೂವೆ ಅಂದ್ರೆ?"

ಥಾಣೆಯಲ್ಲಿರುವ ನನ್ನ ನಾದಿನಿ ಫೋನ್ ಮಾಡಿ ಕೇಳಿದ್ದು ಇದು. ಹೆಸರೇನೋ ಅದೇ, ಆದರೆ ಒಳಗಿರುವುದು ಬಹಳ ಸಲ ಬೇರೆ ಎಂದೆ. ಫೋನಿನಲ್ಲಿ ಅಷ್ಟಕ್ಕೇ ಮುಗಿಸಬೇಕಾಯಿತು. ಊರು ಬಿಟ್ಟು ಇಲ್ಲಿ ಸಂಸಾರ ಹೂಡಿದ ನಮ್ಮವರಲ್ಲಿ ಈ ಗೊಂದಲ ಬಹಳ ಜನಕ್ಕೆ ಇದೆ. ಕೂವೆ ಎಂದರೆ ಗಡ್ಡೆಯಿಂದ ತೆಗೆಯುವ ಬಿಳಿ ಹಿಟ್ಟು, ಅದನ್ನು ಬೆಲ್ಲ ಹಾಕಿ ಗಟ್ಟಿಯಾಗಿ ತಿರುವಿದ್ದೇ ಮಣ್ಣಿ. ಮಗುವಿಗೆ, ಬಾಣಂತಿಗೆ, ಹೊಟ್ಟೆ ಕೆಟ್ಟ ಹಿರಿಯರಿಗೆ ಎಂದು ನಂಬಿಕೆಯಿಂದ ಕೊಳ್ಳುವ ಹಿಟ್ಟು ಇದು. ಹಾಗಾಗಿ ಸ್ವಲ್ಪ ಉದ್ದವಾದರೂ ಪೂರ್ತಿ ಬರೆಯುತ್ತಿದ್ದೇನೆ.

ಮುಂಬಯಿಯ ಅಂಗಡಿಗಳಲ್ಲಿ ನಮ್ಮ ಕೈಗೆ ಸಿಗುವ ಬಿಳಿ ಹಿಟ್ಟುಗಳು ಮುಖ್ಯವಾಗಿ ನಾಲ್ಕು: ಊರಿನಿಂದ ಬರುವ ಕೂವೆ ಹಿಟ್ಟು, ಮರಾಠಿಯವರು ತವಕೀರ ಎನ್ನುವ, ಹಿಂದಿಯವರು ತೀಖೂರ್ ಎನ್ನುವ ಹಿಟ್ಟು, ಕಿರಾಣಿ ಅಂಗಡಿಯ ಅರಾರೂಟ್, ಮತ್ತೆ ಕಾರ್ನ್‌ಫ್ಲೋರ್. ಬಟ್ಟಲಲ್ಲಿ ಹಾಕಿಟ್ಟರೆ ನಾಲ್ಕೂ ಒಂದೇ ಥರ. ಮೂಲ ಮಾತ್ರ ಬೇರೆ ಬೇರೆ.

ಎರಡು ಗಿಡ, ಒಂದೇ ಹೆಸರು

ನಮ್ಮ ಕರಾವಳಿಯಲ್ಲಿ ಕೂವೆ ಎಂದು ಕರೆಸಿಕೊಳ್ಳುವ ಗಿಡಗಳು ಎರಡಿವೆ. ಒಂದು ಹಿತ್ತಿಲಲ್ಲಿ, ತೋಟದ ಬದಿಯಲ್ಲಿ ನೆಡುವ ಬಿಳಿ ಗಡ್ಡೆಯದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಮರಾಂಟಾ ಅರುಂಡಿನೇಸಿಯಾ ಎಂದು ಹೆಸರು. ಅಮೆರಿಕದ ಉಷ್ಣವಲಯದಿಂದ ಬಂದ ಗಿಡ. ಅರಾರೂಟ್ ಎಂಬ ಹೆಸರು ಮೂಲತಃ ಇದರದ್ದೇ. ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪ ಬಹುಕಾಲ ಜಗತ್ತಿಗೆಲ್ಲ ಈ ಹಿಟ್ಟನ್ನು ಕಳಿಸುತ್ತಿತ್ತು. ಗಿಡ ಸೊಂಟದೆತ್ತರ ಬೆಳೆಯುತ್ತದೆ. ಎಲೆ ತೊಟ್ಟಿಗೆ ಸೇರುವಲ್ಲಿ ಬೆರಳಿನ ಗೆಣ್ಣಿನ ಹಾಗೆ ಸ್ವಲ್ಪ ಉಬ್ಬಿರುತ್ತದೆ, ಮುಟ್ಟಿದರೆ ತಿಳಿಯುತ್ತದೆ. ಹೂ ಪುಟ್ಟದು, ಬಿಳಿ. ಅಗೆದರೆ ಬೆರಳುದ್ದದ, ಗಂಟುಗಂಟಾದ, ಕಾಗದದಂಥ ಸಿಪ್ಪೆ ಹೊದ್ದ ಗಡ್ಡೆ ಸಿಗುತ್ತದೆ. ಮುರಿದು ಮೂಸಿದರೆ ಹೇಳಿಕೊಳ್ಳುವಂಥ ವಾಸನೆ ಏನೂ ಇಲ್ಲ.

ಇನ್ನೊಂದು ಅರಿಶಿನದ ಜಾತಿಯದು, ಕರ್ಕುಮಾ ಅಂಗುಸ್ಟಿಫೋಲಿಯಾ. ಇದು ನಮ್ಮ ನೆಲದ್ದೇ ಗಿಡ. ಪಶ್ಚಿಮ ಘಟ್ಟದಲ್ಲೂ ಛತ್ತೀಸಗಢ, ಮಧ್ಯಪ್ರದೇಶದ ಕಾಡುಗಳಲ್ಲೂ ಬೆಳೆಯುತ್ತದೆ. ಎಲೆ ಅರಿಶಿನದ ಎಲೆಯ ಹಾಗೆ. ಹೂಗೊಂಚಲಿನ ತುದಿಯಲ್ಲಿ ಗುಲಾಬಿ ಬಣ್ಣದ ಪಕಳೆಯಂಥ ಎಲೆಗಳು, ಅವುಗಳ ಕೆಳಗೆ ಇಣುಕುವ ಹಳದಿ ಹೂ. ನೋಡಲು ಬಲು ಚೆಂದ. ಗಡ್ಡೆಗೆ ಕರ್ಪೂರ ಬೆರೆಸಿದ ಹಾಗೊಂದು ಪರಿಮಳವಿರುತ್ತದೆ, ಬಾಯಿಗಿಟ್ಟರೆ ಕಹಿ. ಇದರ ಹಿಟ್ಟೇ ತವಕೀರ, ತೀಖೂರ್. ಬಸ್ತರ್ ಕಡೆ ಆದಿವಾಸಿಗಳು ಕಾಡಿನಿಂದ ಗಡ್ಡೆ ಅಗೆದು ತಂದು ಈ ಹಿಟ್ಟು ತೆಗೆಯುತ್ತಾರೆ, ಅದರಲ್ಲಿ ಬರ್ಫಿಯನ್ನೂ ಮಾಡುತ್ತಾರೆ.

ಮಳೆಗಾಲದಲ್ಲಿ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದವರು ಹಾದಿ ಬದಿಯಲ್ಲಿ ಇಂಥದೇ ಗುಲಾಬಿ ತುರಾಯಿಯ ಹೂ ನೋಡಿರುತ್ತೀರಿ. ಮರಾಠಿಯಲ್ಲಿ ಅದು ರಾನ್ ಹಳದ್, ಕಾಡು ಅರಿಶಿನ. ತವಕೀರದ ಗಿಡಕ್ಕೆ ಹತ್ತಿರದ ನೆಂಟ, ಆದರೆ ಅದೇ ಗಿಡ ಅಲ್ಲ. ದಯವಿಟ್ಟು ಅದನ್ನು ಕೀಳಬೇಡಿ. ರಾಷ್ಟ್ರೀಯ ಉದ್ಯಾನದಿಂದ ಗಿಡ ತೆಗೆಯುವುದು ಕಾನೂನಿಗೂ ವಿರುದ್ಧ, ಗುರುತು ತಪ್ಪಿದರೆ ನಮಗೂ ಒಳ್ಳೆಯದಲ್ಲ.

ಗಡ್ಡೆ ಯಾವುದಾದರೂ ಹಿಟ್ಟು ತೆಗೆಯುವ ಕ್ರಮ ಒಂದೇ. ನಮ್ಮಮ್ಮ ಸಂಕ್ರಾಂತಿ ಕಳೆದ ಮೇಲೆ ಒಂದು ಇಡೀ ವಾರ ಇದಕ್ಕೇ ಮೀಸಲಿಡುತ್ತಿದ್ದರು. ಗಡ್ಡೆಯ ಸಿಪ್ಪೆ ಕಿತ್ತು, ತೊಳೆದು, ಅರೆದು, ನೀರಲ್ಲಿ ಕದಡಿ, ತೆಳು ಪಂಚೆಯಲ್ಲಿ ಸೋಸಿ ದೊಡ್ಡ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಪಾತ್ರೆಯನ್ನು ನಿಧಾನವಾಗಿ ಬಗ್ಗಿಸಿದರೆ ಮೇಲಿನ ಕಂದು ನೀರು ಹರಿದುಹೋಗಿ, ತಳದಲ್ಲಿ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ತೆಳ್ಳಗೆ ಕಂದು ಕೆನೆಯಂಥದ್ದೊಂದು ಇರುತ್ತದೆ. ಅಮ್ಮ ಅದನ್ನು ಸವುಟಿನ ಅಂಚಿನಿಂದ ಹೆರೆದು ಬಿಸಾಡಿ ಮತ್ತೆ ನೀರು ಹಾಕಿ ಕದಡುತ್ತಿದ್ದರು. ಬಿಳಿ ಗಡ್ಡೆಯದಾದರೆ ಮೂರು ನಾಲ್ಕು ನೀರು ಸಾಕು. ಅರಿಶಿನ ಜಾತಿಯದಕ್ಕೆ ಏಳೆಂಟು ನೀರು ಬೇಕು, ಕಹಿ ಪೂರ್ತಿ ಹೋಗುವ ತನಕ. ಆಮೇಲೆ ಅಂಗಳದಲ್ಲಿ ಬಟ್ಟೆಯ ಮೇಲೆ ಬಿಸಿಲಿಗೆ. ಒಣಗಿದ ತುಂಡು ಸೀಮೆಸುಣ್ಣದ ಹಾಗೆ ಮುರಿಯುತ್ತಿತ್ತು. ಹತ್ತು ಕಿಲೋ ಗಡ್ಡೆಯಿಂದ ನಮ್ಮ ಮನೆಯಲ್ಲಿ ಒಂದು ಕಿಲೋ ಹಿಟ್ಟು ಸಿಕ್ಕಿದರೆ ಆ ವರ್ಷ ಚೆನ್ನಾಗಿದೆ ಎಂದು ಲೆಕ್ಕ.

ನಿಜವಾದ ಕೂವೆ ಹಿಟ್ಟಿನ ಬೆಲೆ ಕಾರ್ನ್‌ಫ್ಲೋರಿನ ಹಲವು ಪಟ್ಟು ಯಾಕೆ ಎಂದು ಕೇಳುವವರು ಈ ಒಂದು ವಾರದ ಕೆಲಸವನ್ನು ನೆನೆಯಬೇಕು. ಕಾರ್ನ್‌ಫ್ಲೋರಿನಷ್ಟೇ ಅಗ್ಗಕ್ಕೆ ಅರಾರೂಟ್ ಸಿಕ್ಕಿತೆಂದರೆ ಅದು ಕೂವೆ ಅಲ್ಲ ಎಂಬುದಕ್ಕೆ ಬೆಲೆಯೇ ಮೊದಲ ಗುರುತು.

ಪ್ಯಾಕೆಟ್‌ನ ಅರಾರೂಟ್

ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಅರಾರೂಟ್ ಎಂದರೆ ಬಿಳಿ ಪಿಷ್ಟ ಎಂಬ ಅರ್ಥ ಬಂದುಬಿಟ್ಟಿದೆ. ಪ್ಯಾಕೆಟ್ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿರುವ ಪದಾರ್ಥಗಳ ಪಟ್ಟಿ ಓದಿ. ಟಾಪಿಯೋಕಾ ಸ್ಟಾರ್ಚ್ ಎಂದಿದ್ದರೆ ಅದು ಮರಗೆಣಸಿನ ಹಿಟ್ಟು, ಸಾಬುದಾಣಾ ಮಾಡುವುದೂ ಅದರಿಂದಲೇ. ಮೇಜ್ ಸ್ಟಾರ್ಚ್ ಎಂದಿದ್ದರೆ ಮೆಕ್ಕೆಜೋಳದ್ದು, ಅಂದರೆ ಬರೀ ಕಾರ್ನ್‌ಫ್ಲೋರ್. ಬಿಡಿಯಾಗಿ ಮೂಟೆಯಿಂದ ತೂಗಿ ಕೊಡುವ ಅರಾರೂಟಿಗೆ ಓದಲು ಪಟ್ಟಿಯೂ ಇಲ್ಲ.

ನಾನು ಮೋಸ ಹೋಗಿದ್ದು ಹೀಗೆಯೇ. ಮಾವನಿಗೆ ಜ್ವರ ಬಂದು ಬಾಯಿಗೆ ಏನೂ ಸೇರದೆ ಇದ್ದಾಗ ಕೂವೆ ಗಂಜಿ ಮಾಡೋಣ ಎಂದು ಮನೆ ಹತ್ತಿರದ ಅಂಗಡಿಯಿಂದ ಕಾಲು ಕಿಲೋ ಬಿಡಿ ಅರಾರೂಟ್ ತಂದೆ. "ಅಸಲಿ ಹೈ" ಎಂದಿದ್ದ ಅಂಗಡಿಯವನು. ಒಲೆಯ ಮೇಲೆ ಗಂಜಿ ಪಾರದರ್ಶಕವಾಗಿಯೇನೋ ಆಯಿತು, ಆದರೆ ಚಮಚ ಎತ್ತಿದರೆ ಅಂಟಿನಂತೆ ನೂಲೆಳೆಯಿತು. ಮಾವ ಎರಡು ಚಮಚ ಕುಡಿದು, "ಇದು ಕೂವೆ ಅಲ್ಲ ಮಗಾ, ಗಂಟಲಲ್ಲಿ ಇಳಿಯೋದಿಲ್ಲ" ಎಂದು ಲೋಟ ಕೆಳಗಿಟ್ಟರು. ಮರಗೆಣಸಿನ ಹಿಟ್ಟಿನಿಂದ ಕೆಡುಕೇನೂ ಇಲ್ಲ, ಅದೂ ತಿನ್ನುವ ವಸ್ತುವೇ. ಆದರೆ ಕಾಯಿಲೆಯವರು ಕೇಳಿದ್ದು ಬೇರೆ, ನಾನು ಕೊಟ್ಟಿದ್ದು ಬೇರೆ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ತವಕೀರ ಎಂದು ಕೇಳುವಾಗಲೂ ಜಾಗ್ರತೆ ಬೇಕು. ಗಿಡಮೂಲಿಕೆ ಮಾರುವ ಅಂಗಡಿಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಆಯುರ್ವೇದದ ಸಿತೋಪಲಾದಿ ಚೂರ್ಣಕ್ಕೆ ಬಿದಿರಿನ ಗೆಣ್ಣಿನೊಳಗೆ ಸಿಗುವ ವಂಶಲೋಚನ ಹಾಕುತ್ತಾರೆ. ಅದು ಸಿಗದಾಗ ಬದಲಿಗೆ ತವಕ್ಷೀರಿ, ಅಂದರೆ ಇದೇ ಗಡ್ಡೆ ಹಿಟ್ಟನ್ನು ಬಳಸುವ ರೂಢಿಯಿದೆ. ಹೀಗೆ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡಿದೆ. ಅಡುಗೆಗೆ ಬೇಕಾದರೆ "ಖಾಣ್ಯಾಚಾ ತವಕೀರ್", ತಿನ್ನುವ ತವಕೀರ, ಎಂದು ಸ್ಪಷ್ಟವಾಗಿ ಕೇಳಿ. ಬಿದಿರಿನದು ಬೆಂದು ಗಂಜಿಯಾಗುವ ವಸ್ತುವೇ ಅಲ್ಲ.

ಒಲೆಯ ಮೇಲಿನ ಪರೀಕ್ಷೆ

ಬೆರಳಲ್ಲಿ ಒತ್ತಿದರೆ ಕರ್ ಕರ್ ಎನ್ನಬೇಕು, ಅದೇ ಅಸಲು ಎನ್ನುವವರಿದ್ದಾರೆ. ಕಾರ್ನ್‌ಫ್ಲೋರ್ ಒತ್ತಿ ನೋಡಿ, ಅದು ಇನ್ನೂ ಚೆನ್ನಾಗಿ ಕರ್ ಎನ್ನುತ್ತದೆ. ಟಿಂಚರ್ ಅಯೋಡಿನ್ ಹನಿ ಹಾಕಿದರೆ ನೀಲಿಯಾಗಬೇಕು ಎಂಬ ಮಾತೂ ಇದೆ. ಪಿಷ್ಟ ಯಾವ ಗಿಡದ್ದಾದರೂ ನೀಲಿಯಾಗುತ್ತದೆ. ಸುಣ್ಣದ ಪುಡಿ ಬೆರೆಸಿಲ್ಲ ಎನ್ನುವುದಕ್ಕೂ ಅದು ಸಾಕ್ಷಿಯಲ್ಲ, ಒಳಗೆ ಪಿಷ್ಟ ಇದೆ ಎಂದಷ್ಟೇ ಹೇಳುತ್ತದೆ. ಸೂಕ್ಷ್ಮದರ್ಶಕದಲ್ಲಿಟ್ಟರೆ ಕಣಗಳ ಆಕಾರದಿಂದ ಖಚಿತವಾಗಿ ಹೇಳಬಹುದು. ಮೆಕ್ಕೆಜೋಳದ ಕಣಕ್ಕೆ ಮೂಲೆಗಳಿರುತ್ತವೆ, ಬಿಳಿ ಕೂವೆಯದು ಮೊಟ್ಟೆಯಾಕಾರ, ತವಕೀರದ್ದು ಚಪ್ಪಟೆ. ಮನೆಯಲ್ಲಿ ಅದಾಗುವ ಮಾತಲ್ಲ.

ಮನೆಯಲ್ಲಿ ಆಗುವುದು ಇದು. ಒಂದು ದೊಡ್ಡ ಚಮಚ ಹಿಟ್ಟನ್ನು ಮುಕ್ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿಡಿ. ಪಕ್ಕದ ಬರ್ನರಿನಲ್ಲಿ ಅಷ್ಟೇ ಕಾರ್ನ್‌ಫ್ಲೋರ್ ಇಟ್ಟುಕೊಂಡರೆ ಹೋಲಿಸಲು ಸುಲಭ. ಕೂವೆ ಬೇಗ, ನೀರು ಕುದಿ ಬರುವ ಮೊದಲೇ ದಪ್ಪವಾಗುತ್ತದೆ. ಹಾಲುಬಿಳುಪು ಒಮ್ಮೆಗೇ ಕರಗಿ ಗಾಜಿನ ಹಾಗೆ ಹೊಳೆಯುತ್ತದೆ, ಪಾತ್ರೆಯ ತಳ ಕಾಣುವಷ್ಟು. ಆ ಗಳಿಗೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಾರ್ನ್‌ಫ್ಲೋರ್ ಎಷ್ಟು ಹೊತ್ತು ಕುದಿಸಿದರೂ ಮಬ್ಬಾಗಿಯೇ ಇರುತ್ತದೆ, ಧಾನ್ಯದ ಹಸಿವಾಸನೆ ಹೋಗಲು ಚೆನ್ನಾಗಿ ಕುದಿಯಲೇಬೇಕು. ಮರಗೆಣಸಿನದು ಕೂವೆಯಂತೆಯೇ ತಿಳಿಯಾಗುತ್ತದೆ. ಅಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಚಮಚ ಎತ್ತಿ ಓರೆ ಮಾಡಿ ನೋಡಿ: ಕೂವೆ ತುಂಡು ತುಂಡಾಗಿ ಜಾರಿ ಬೀಳುತ್ತದೆ, ಮರಗೆಣಸಿನದು ಉದ್ದಕ್ಕೆ ಎಳೆ ಬಿಡುತ್ತದೆ.

ಕೂವೆಗೂ ತವಕೀರಕ್ಕೂ ಈ ಪರೀಕ್ಷೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ನಾಲಿಗೆಗೆ ಮಾತ್ರ ತಿಳಿಯುತ್ತದೆ. ಸರಿಯಾಗಿ ತೊಳೆಯದ ತವಕೀರದಲ್ಲಿ ಕೊನೆಗೊಂದು ಸಣ್ಣ ಕಹಿ, ಅರಿಶಿನದ ನೆನಪು ಉಳಿದಿರುತ್ತದೆ. ಚೆನ್ನಾಗಿ ತೊಳೆದದ್ದಾದರೆ ನನ್ನ ಮಟ್ಟಿಗೆ ಎರಡರಲ್ಲಿ ಯಾವುದಾದರೂ ಆದೀತು. ಮಗುವಿಗಾದರೆ ಬಿಳಿ ಗಡ್ಡೆಯದನ್ನೇ ಹುಡುಕುತ್ತೇನೆ, ಕಹಿಯ ಭಯ ಇಲ್ಲವಲ್ಲ.

ಯಾವುದಕ್ಕೆ ಯಾವುದು

ಗಂಜಿ, ಮಣ್ಣಿ, ಹಲ್ವ: ಇಲ್ಲಿ ತಿನ್ನುವುದು ಹಿಟ್ಟನ್ನೇ, ಹಾಗಾಗಿ ಕೂವೆ ಅಥವಾ ತವಕೀರ ಬಿಟ್ಟು ಬೇರೆ ಬೇಡ. ನಮ್ಮ ಮನೆಯ ಮಣ್ಣಿಗೆ ಒಂದು ಬಟ್ಟಲು ಕೂವೆ, ನಾಲ್ಕು ಬಟ್ಟಲು ತೆಳು ತೆಂಗಿನ ಹಾಲು, ಒಂದೂಕಾಲು ಬಟ್ಟಲು ಬೆಲ್ಲ. ಬೆಲ್ಲ ಕರಗಿಸಿ ಸೋಸಿ, ಎಲ್ಲವನ್ನೂ ತಣ್ಣಗಿರುವಾಗಲೇ ಸೇರಿಸಿ ಕದಡಿ, ಆಮೇಲೆ ಒಲೆಗಿಡಬೇಕು. ಬಿಸಿಯಾದ ಹಾಲಿಗೆ ಒಣ ಹಿಟ್ಟು ಸುರಿದರೆ ಗಂಟಾಗುತ್ತದೆ, ಯಾರಿಂದಲೂ ಬಿಡಿಸಲಾಗದು. ಕೈ ಬಿಡದೆ ತಿರುವಿ, ತಳ ಬಿಡುವಾಗ ಎರಡು ಚಮಚ ತುಪ್ಪ, ಏಲಕ್ಕಿ. ತುಪ್ಪ ಸವರಿದ ಬಟ್ಟಲಿಗೆ ಸುರಿದು ತಣಿಸಿದರೆ ಚೂರಿಯಿಂದ ಕತ್ತರಿಸಬಹುದು. ಕಾರ್ನ್‌ಫ್ಲೋರಿನಲ್ಲಿ ಮಾಡಿದರೆ ಮುಂಬಯಿಯ ಮಿಠಾಯಿ ಅಂಗಡಿಯ ಕರಾಚಿ ಹಲ್ವದ ಕಡೆಗೆ ಹೋಗುತ್ತದೆ. ಅದೂ ಒಳ್ಳೆಯ ತಿಂಡಿಯೇ, ಆದರೆ ಮಣ್ಣಿ ಅಲ್ಲ.

ಉಪವಾಸಕ್ಕೆ: ನಮ್ಮ ಪಕ್ಕದ ಮನೆಯ ಕಾಕೂ ಆಷಾಢ ಏಕಾದಶಿಗೆ ಆಲೂಗಡ್ಡೆ ಪ್ಯಾಟಿಸ್ ಮಾಡುತ್ತಾರೆ, ಒಳಗೆ ತೆಂಗಿನಕಾಯಿ ತುರಿಯ ಹೂರಣ, ಹೊರಗೆ ಅರಾರೂಟ್ ಬೆರೆಸಿದ ಆಲೂ. ಇದಕ್ಕೆ ಮರಗೆಣಸಿನ ಹಿಟ್ಟು ಧಾರಾಳ ಸಾಕು, ಸಾಬುದಾಣಾ ನಡೆಯುವ ಮನೆಯಲ್ಲಿ ಅದೂ ನಡೆಯುತ್ತದೆ. ಮೆಕ್ಕೆಜೋಳದ್ದು ಮಾತ್ರ ಆಗದು, ಅದು ಧಾನ್ಯ. ಅರಾರೂಟ್ ಹೆಸರಿನಲ್ಲಿ ಕಾರ್ನ್‌ಫ್ಲೋರ್ ಕೊಟ್ಟರೆ ವ್ರತ ಹಿಡಿದವರ ನೇಮವೇ ಕೆಡುತ್ತದೆ. ಉಪವಾಸದವರು ಲೇಬಲ್ ಓದದೆ ಕೊಳ್ಳಲೇಬಾರದು.

ಗೋಬಿ ಮಂಚೂರಿಯನ್, ಸೂಪು, ಗರಿಗರಿ ಕರಿಯುವುದು: ಕಾರ್ನ್‌ಫ್ಲೋರ್. ಕೂವೆಯನ್ನು ಇಲ್ಲಿ ಸುರಿಯುವುದು ಅಮ್ಮಂದಿರ ಶ್ರಮಕ್ಕೆ ಮಾಡುವ ಅನ್ಯಾಯ. ಅಂದಹಾಗೆ ಕಸ್ಟರ್ಡ್ ಪೌಡರ್ ಎಂದರೂ ಹೆಚ್ಚಾಗಿ ಬಣ್ಣ, ಸುವಾಸನೆ ಬೆರೆಸಿದ ಕಾರ್ನ್‌ಫ್ಲೋರೇ. ಹಾಲಿನ ತೆಳು ಪಾಕಗಳಿಗೂ ಅದೇ ಹೊಂದುತ್ತದೆ, ಕೂವೆ ಹಾಕಿದರೆ ಲೋಳೆಯ ಹಾಗೆ ಜಾರುತ್ತದೆ. ಆದರೆ ಹುಳಿ ಇರುವ, ತಿಳಿಯಾಗಿ ಹೊಳೆಯಬೇಕಾದ ಪದಾರ್ಥಕ್ಕೆ, ಉದಾಹರಣೆಗೆ ಪುನರ್ಪುಳಿಯ (ಕೋಕಂ) ಅಥವಾ ಹಣ್ಣಿನ ರಸಕ್ಕೆ, ಒಂದು ಚಮಚ ಕೂವೆಯ ಮುಂದೆ ಕಾರ್ನ್‌ಫ್ಲೋರ್ ನಿಲ್ಲುವುದಿಲ್ಲ. ದಪ್ಪವಾದ ಕೂಡಲೇ ಇಳಿಸಿ. ಕೂವೆ ಹಾಕಿದ ಸಾರನ್ನು ಕೊತಕೊತ ಕುದಿಸಿದರೆ ಮತ್ತೆ ನೀರಾಗುತ್ತದೆ. ಉಳಿದದ್ದನ್ನು ಫ್ರೀಜರಿನಲ್ಲಿಟ್ಟು ತೆಗೆದಾಗ ಕಾರ್ನ್‌ಫ್ಲೋರಿನದು ಒಡೆದು ನೀರು ಬಿಡುತ್ತದೆ, ಕೂವೆಯದು ಅಷ್ಟು ಬೇಗ ಬಿಡದು.

ಹತ್ತಿ ಸೀರೆಗೆ ಗಂಜಿ ಹಾಕಲು ಬಿಡಿ ಅರಾರೂಟ್. ಮಾವನಿಗೆಂದು ತಂದ ಕಾಲು ಕಿಲೋದಲ್ಲಿ ಉಳಿದದ್ದನ್ನು ನಾನು ಹಾಗೆಯೇ ಮುಗಿಸಿದೆ.

ಮಗು, ಹೊಟ್ಟೆ, ಸಕ್ಕರೆ ಕಾಯಿಲೆ

ಈ ಭಾಗವನ್ನು ದಯವಿಟ್ಟು ಯಾರೂ ಹಾರಿಸಿ ಓದಬೇಡಿ. ಕೂವೆ ತಂಪು, ಹಗುರ, ಸುಲಭವಾಗಿ ಅರಗುತ್ತದೆ ಎಂದು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಬೇಸಿಗೆಯಲ್ಲಿ ಉರಿಮೂತ್ರವಾದಾಗ ಕೂವೆ ನೀರು ಕುಡಿಸುವುದು ನಮ್ಮ ಮನೆಗಳ ಪದ್ಧತಿ. ನನಗೂ ಅದರ ಮೇಲೆ ಪ್ರೀತಿ. ಆದರೆ ಇದು ಹೆಚ್ಚುಕಡಿಮೆ ಬರೀ ಪಿಷ್ಟ: ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಕ್ಯಾಲೊರಿ, ಪ್ರೊಟೀನ್ ಇಲ್ಲವೆಂಬಷ್ಟು ಕಡಿಮೆ. ಆರು ತಿಂಗಳ ತನಕ ಮಗುವಿಗೆ ತಾಯಿಯ ಹಾಲು ಮಾತ್ರ, ಕೂವೆ ನೀರೂ ಬೇಡ. ಆರು ತಿಂಗಳಾದ ಮೇಲೆ ಕೊಡಬಹುದು, ಆದರೆ ಅದೊಂದೇ ಊಟವಾಗಬಾರದು. ಹೆಸರುಬೇಳೆ, ರಾಗಿ, ಬೇಯಿಸಿದ ತರಕಾರಿ ಜೊತೆಗೆ ಇರಬೇಕು. ಎರಡು ವರ್ಷ ತುಂಬುವ ಮೊದಲು ಬೆಲ್ಲ, ಸಕ್ಕರೆ ಹಾಕಬೇಡಿ. ನಾದಿನಿಗೂ ಇದನ್ನೇ ಹೇಳಿದೆ, ಮಕ್ಕಳ ಡಾಕ್ಟರನ್ನೂ ಒಂದು ಮಾತು ಕೇಳು ಎಂದೆ.

ಭೇದಿಯಾದಾಗ ಮೊದಲು ಬೇಕಾದದ್ದು ಓಆರ್‌ಎಸ್. ಗಂಜಿ ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಮಧುಮೇಹದವರು ಇದನ್ನು ಅನ್ನದ ಲೆಕ್ಕದಲ್ಲಿಯೇ ಇಡಬೇಕು. ನಾರು ಇರುವುದು ಗಡ್ಡೆಯಲ್ಲಿ, ಸೋಸಿ ತೆಗೆದ ಹಿಟ್ಟಿನಲ್ಲಲ್ಲ. ಗೋಧಿ ಒಗ್ಗದವರಿಗೆ ಮಾತ್ರ ಇದು ನಿಜಕ್ಕೂ ಉಪಕಾರಿ, ಇದರಲ್ಲಿ ಗ್ಲುಟೆನ್ ಇಲ್ಲ.

ಎಲ್ಲಿ ಹುಡುಕುವುದು

ಮಾಟುಂಗ ಪೂರ್ವದ ಮಾರ್ಕೆಟ್‌ನಲ್ಲಿ ದಕ್ಷಿಣದ ಸಾಮಾನು ಮಾರುವ ಅಂಗಡಿಗಳು, ಉಪನಗರಗಳ ಮಂಗಳೂರು ಸ್ಟೋರುಗಳು, ಮಲಯಾಳಿಗಳ ಅಂಗಡಿಗಳು. ಕೇರಳದವರು ಧನು ಮಾಸದ ತಿರುವಾದಿರೆಗೆ ಕೂವೆ ಪಾಯಸ ಮಾಡುವುದರಿಂದ ಡಿಸೆಂಬರ್-ಜನವರಿಯಲ್ಲಿ ಅವರ ಅಂಗಡಿಗೆ ಹೋದರೆ "ಕೂವಪ್ಪೊಡಿ" ಸಿಗುವ ಸಂಭವ ಹೆಚ್ಚು. ನಮ್ಮ ಊರಿನ ಹೊಸ ಹಿಟ್ಟು ಬರುವುದು ಸ್ವಲ್ಪ ತಡವಾಗಿ. ಮಳೆ ಹಿಡಿಯುವಾಗ ನೆಟ್ಟ ಗಡ್ಡೆ ಬಲಿತು, ಎಲೆ ಹಳದಿಯಾಗಿ ಬಾಡಿದ ಮೇಲೆ ಅಗೆಯುತ್ತಾರೆ. ಹಾಗಾಗಿ ಮೇ ರಜೆ ಮುಗಿಸಿ ಮತ್ಸ್ಯಗಂಧ ರೈಲಿನಲ್ಲಿ ಕುರ್ಲಾಕ್ಕೆ ಇಳಿಯುವವರ ಚೀಲದಲ್ಲಿ, ಹಲಸಿನ ಹಪ್ಪಳದ ಜೊತೆ ಬರುವುದೇ ಒಳ್ಳೆಯ ಕೂವೆ. ನನಗೆ ಗೊತ್ತಿರುವ ಅತ್ಯಂತ ನಂಬಿಕೆಯ ದಾರಿ ಅದೊಂದೇ: ಮಾಡಿದವರ ಕೈ ಗೊತ್ತಿರಬೇಕು. ತಂದ ಮೇಲೆ ಒಮ್ಮೆ ಬಿಸಿಲು ತೋರಿಸಿ, ಒಣ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಇಲ್ಲಿಯ ಜುಲೈ ತೇವಕ್ಕೆ ತೆರೆದ ಪ್ಯಾಕೆಟ್ ಮುಗ್ಗಲು ಹಿಡಿಯುತ್ತದೆ.

ಬಿಳಿ ಜಾತಿಯ ಹಸಿ ಗಡ್ಡೆ ಸಿಕ್ಕಿದರೆ ಒಂದೆರಡನ್ನು ಬೇಯಿಸಿ ಉಪ್ಪು ಹಚ್ಚಿ ತಿಂದು ನೋಡಿ, ನಾರನ್ನು ಉಗುಳಬೇಕಾಗುತ್ತದೆ ಅಷ್ಟೇ. ಒಂದೆರಡನ್ನು ಬಾಲ್ಕನಿಯಲ್ಲಿ ನೆಡಿ. ನಾನು ಹಳೆಯ ಹದಿನೈದು ಲೀಟರಿನ ಡಬ್ಬದಲ್ಲಿ ಎರಡೂ ಜಾತಿ ಬೆಳೆಸಿದ್ದೇನೆ. ಮೇ ಕೊನೆಗೆ ನೆಡುವುದು, ನೀರು ನಿಲ್ಲದ ಮಣ್ಣು, ಬೆಳಗಿನ ಬಿಸಿಲು ಬಂದರೆ ಸಾಕು. ಹಿಟ್ಟು ತೆಗೆಯುವಷ್ಟು ಗಡ್ಡೆ ಡಬ್ಬದಲ್ಲಿ ಆಗದು, ಒಂದು ಹಿಡಿ ಬೇಯಿಸಿ ತಿನ್ನಲು, ಮುಂದಿನ ವರ್ಷದ ಬಿತ್ತನೆಗೆ ಆದೀತು. ಹೂವಿಗಾಗಿ ನೆಡುವುದಾದರೆ ಅರಿಶಿನ ಜಾತಿಯದೇ ಸರಿ. ಆದರೆ ಅದರ ಎಲೆ ಮಳೆಗಾಲ ಮುಗಿದು ಚಳಿ ಬರುತ್ತಿದ್ದಂತೆ ಪೂರ್ತಿ ಒಣಗಿ ನೆಲ ಕಚ್ಚುತ್ತದೆ. ಸತ್ತಿತೆಂದು ಕೆಲಸದವಳು ಕಳೆದ ವರ್ಷ ಡಬ್ಬವನ್ನು ಕಸಕ್ಕೆ ಹಾಕಲು ಎತ್ತಿದ್ದಳು. ನೀರು ನಿಲ್ಲಿಸಿ ಮೂಲೆಯಲ್ಲಿಟ್ಟೆ. ಜೂನ್‌ನ ಮೊದಲ ಮಳೆ ಬಿದ್ದು ಎಂಟು ದಿನಕ್ಕೆ ಎಲೆಗಿಂತ ಮೊದಲು ಹೂವೇ ಮೇಲೆ ಬಂತು, ಬರೀ ಮಣ್ಣಿನಿಂದ ನೇರವಾಗಿ, ಗುಲಾಬಿ ತುರಾಯಿ ಹೊತ್ತುಕೊಂಡು.